ನೂರೈವತ್ತರ ವಾಚು

ಶಕ್ತಿನಗರದ ನಮ್ಮ ಕಾಲೊನಿಯಲ್ಲಿ ಸಂಜೆ ಆರಾದರೆ ಬೇವಿನ ಮರದ ಕಟ್ಟೆಗೆ ಮೂವರು ರಿಟೈರಾದವರು ಜಮಾಯಿಸುತ್ತೇವೆ. ಒಬ್ಬರಿಗೆ ನಾಣ್ಯದ ಹುಚ್ಚು. ಚಾರ್‌ಮಿನಾರ್ ಅಚ್ಚಿನ ನಿಜಾಮನ ಹಾಲಿ ಸಿಕ್ಕಾ ಸಿಕ್ಕಿತೆಂದರೆ ಎರಡು ದಿನ ಊಟ ಬೇಡ. ಇನ್ನೊಬ್ಬರಿಗೆ ಹಳೇ ರೇಡಿಯೋ. ಅವುಗಳಲ್ಲಿ ಹಾಡುವುದು ಒಂದೋ ಎರಡೋ, ಉಳಿದವು ಕೆಮ್ಮುತ್ತವೆ. ನನ್ನದು ಎಚ್‌ಎಂಟಿ ವಾಚು. ಹೊಸದು ತಂದವನು ಜೇಬಿನ ಮೇಲೆ ಕೈಯಿಟ್ಟುಕೊಂಡೇ ಬರುತ್ತಾನೆ; ಉಳಿದಿಬ್ಬರು ಬೇಕೆಂದೇ ಮಳೆ-ಬೆಳೆ ಮಾತಾಡಿ ಅವನನ್ನು ಕಾಯಿಸುತ್ತಾರೆ.

ಬೆಲೆಯ ವಿಷಯದಲ್ಲಿ ಮೂವರಿಗೂ ಒಂದೇ ಶಾಸ್ತ್ರ. ಸಾವಿರದ ನಾನೂರು ಕೊಟ್ಟು ತಂದದ್ದನ್ನು ಮನೆಯಲ್ಲಿ ಇನ್ನೂರು ಎನ್ನಬೇಕು, ಜಗಳವಾಗಬಾರದೆಂದು. ಕಟ್ಟೆಯಲ್ಲಿ ನೂರೈವತ್ತು ಎನ್ನಬೇಕು, ಹೊಟ್ಟೆಕಿಚ್ಚಾಗಲೆಂದು.

ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿದ್ದು 1961ರಲ್ಲಿ. 2016ರಲ್ಲಿ ಸರ್ಕಾರ ಆ ವಾಚು ಕಂಪನಿಗೆ ಬೀಗ ಹಾಕುವ ತೀರ್ಮಾನ ಮಾಡಿತು. ಇದ್ದಾಗ ಕ್ವಾರ್ಟ್ಜ್ ಕಟ್ಟಿಕೊಂಡು ಓಡಾಡಿದ ನಾನು, ಬೀಗ ಬಿದ್ದ ಮೇಲೆ ಅದರ ಭಕ್ತನಾದೆ. ಕಳೆದ ಬೇಸಿಗೆಯಲ್ಲಿ ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಗುಜರಿ ಅಂಗಡಿಯಲ್ಲಿ ಮಿಕ್ಸಿ ಜಾರುಗಳ ನಡುವೆ 'ಜನತಾ' ಕಂಡಿತು. ಹದಿನೇಳು ಜುವೆಲ್, ಕೀಲಿ ಕೊಡುವ ವಾಚು. ಡಯಲ್ ಮಾತ್ರ ಗಿಳಿಹಸಿರು. ಇಂಥ ಬಣ್ಣ ಇನ್ನೆಲ್ಲೂ ನೋಡಿರಲಿಲ್ಲ, ಅಪರೂಪದ್ದೇ ಇರಬೇಕು ಎಂದುಕೊಂಡೆ. ಅನುಮಾನ ಬರಬೇಕಾದ ಜಾಗದಲ್ಲೇ ನನಗೆ ಭಕ್ತಿ ಬರುತ್ತದೆ.

ಕೀಲಿ ಕೊಟ್ಟು ಕಿವಿಗಿಟ್ಟುಕೊಂಡೆ. ಆಟೋ ಹಾರನ್ನು, ತಳ್ಳುಗಾಡಿಯವರ ಕೂಗು, ಟಿಕ್ ಟಿಕ್ ಮಾತ್ರ ಇಲ್ಲ. 1985ರಲ್ಲಿ ಮೊದಲ ಘಟಕ ಶುರುವಾದಾಗಿನಿಂದ ನಮ್ಮ ಉಷ್ಣ ಸ್ಥಾವರದ ಗುಂಯ್‌ಗುಡುವಿಕೆ ತುಂಬಿಸಿಕೊಂಡ ಕಿವಿಗಳು ಇವು. ಎಂಟು ಘಟಕ, 1,720 ಮೆಗಾವಾಟ್; ಅದರ ಮುಂದೆ ಒಂದು ಜನತಾ ವಾಚಿನ ದನಿ ಎಷ್ಟರದು? ಸುತ್ತ ನೋಡಿದೆ. ಎದುರಿಗೆ ಎಟಿಎಂ, ಗಾಜಿನ ಬಾಗಿಲು. ಅಂಗಡಿಯವನಿಗೆ "ಈಗ ಬಂದೆ" ಎಂದು ಒಳಹೊಕ್ಕೆ.

ಒಳಗೆ ತಂಪು. ರಾಯಚೂರಿನ ಮೇ ತಿಂಗಳಲ್ಲಿ ಅದೇ ಸ್ವರ್ಗ. ಮೂಲೆಗೆ ಮುಖ ಮಾಡಿ, ವಾಚು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಂತೆ. ಏಸಿಯ ಸದ್ದು. ಇನ್ನೊಂದು ಕಿವಿಗೆ ಬೆರಳಿಟ್ಟೆ. ಈಗ ನನ್ನದೇ ನಾಡಿಬಡಿತ ಕೇಳತೊಡಗಿತು. ಉಸಿರು ಹಿಡಿದೆ. ಹೊರಗೆ ಐದಾರು ಜನರ ಪಾಳಿ. ಗಾರ್ಡ್ ಬಾಗಿಲು ತೆರೆದ.

"ಅಜ್ಜಾರ, ಏನಾಗ್ಯಾದ್ರಿ? ತಲಿ ತಿರಗಾಕ ಹತ್ಯಾದೇನು?"

"ಇಲ್ಲಪ್ಪ. ವಾಚು ನಡಿತದೋ ಇಲ್ಲೋ ಕೇಳಕತ್ತೀನಿ."

ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ, ದೇವರು ಅವನನ್ನು ಚೆನ್ನಾಗಿಟ್ಟಿರಲಿ, "ತರ್ರಿ ಇಲ್ಲಿ" ಎಂದು ತಾನೇ ಕಿವಿಗಿಟ್ಟುಕೊಂಡ. ಅವನಿಗೂ ಖಾತ್ರಿಯಾಗಲಿಲ್ಲ. ಪಾಳಿಯಲ್ಲಿದ್ದ ಕಾಲೇಜು ಹುಡುಗನಿಗೆ ಕೊಟ್ಟ. ಹುಡುಗ "ನಡಿಯಾಕತ್ಯಾದ" ಎಂದ. ಅವನ ಹಿಂದಿನವನು "ಇಲ್ಲ" ಎಂದ. ಮೂರನೆಯವನು ಎಟಿಎಂನ ಏಸಿಯನ್ನೇ ಆರಿಸಲು ಹೇಳಿದ. ಪೆನ್ಷನ್ ತೆಗೆಯಲು ಬಂದ ಅಜ್ಜಿಯೊಬ್ಬಳು ವಾಚು ಇಸಿದುಕೊಂಡು, ಕಿವಿಗೆ ಮುಟ್ಟಿಸದೆ, ಡಯಲನ್ನೇ ಒಂದು ಗಳಿಗೆ ನೋಡಿ ಅಂದಳು: "ಮುಳ್ಳು ತಿರಗಾಕ ಹತ್ಯಾದಲ್ಲೋ ಯಪ್ಪಾ. ಕಿವಿಗ್ಯಾಕ ಇಟ್ಗಂತಿ?"

ಮರುಮಾತಿಲ್ಲದೆ ಆ ಎಟಿಎಂನಲ್ಲೇ ಸಾವಿರದ ನಾನೂರು ತೆಗೆದೆ.

ಸಂಜೆ ಕಟ್ಟೆ. "ನೂರೈವತ್ತು!" ಎಂದೆ. ರೇಡಿಯೋದವರು ಕನ್ನಡಕ ಹಣೆಗೇರಿಸಿ ಡಯಲ್ ನೋಡಿ, "ಯಾರೋ ಬಣ್ಣಾ ಬಳದಾರ್ರಿ ಇದಕ್ಕ" ಎಂದರು. ನನಗೆ ಮೈಯೆಲ್ಲಾ ಉರಿಯಿತು. ಕೆಮ್ಮುವ ರೇಡಿಯೋಗಳನ್ನು ಹೊಗಳಿ ಹೊಗಳಿ ನನ್ನ ನಾಲಿಗೆ ಸವೆದಿದೆ. ಈ ಮನುಷ್ಯನಿಗೆ ಒಂದು ಸುಳ್ಳು ಹೇಳಲು ಬರುವುದಿಲ್ಲವೇ?

ಅವರು ವಾಚು ತಿರುವಿದರು. ನಾನು ಹಿಂಬದಿ ನೋಡಿರಲೇ ಇಲ್ಲ. ಅಲ್ಲಿ ಒಂದು ಹೆಸರನ್ನು ಅರ ಹಾಕಿ ಉಜ್ಜಿ ಅಳಿಸಿದ ಗುರುತು. ಕೆಳಗೆ ಉಳಿದ ಸಣ್ಣ ಅಕ್ಷರ: ಸಿ ಶಿಫ್ಟ್ ಗೆಳೆಯರಿಂದ.

ರೇಡಿಯೋದವರು ಬಾಯ್ಲರಿನಲ್ಲಿ ಇಪ್ಪತ್ತು ವರ್ಷ ರಾತ್ರಿ ಪಾಳಿ ಕಂಡವರು. "ಚಂದಾ ಎತ್ತಿ ಕೊಡ್ತಿದ್ವಿ" ಎಂದರು. "ಇಂಥಾವು ಹತ್ತು-ಹನ್ನೆರಡು ಕೊಟ್ಟೀವಿ. ಇದು ಯಾರ್ದು ಅಂತ ಹೆಂಗ ತಿಳೀಬೇಕು?" ಅಳಿಸಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಕೃಷ್ಣೆಯ ಕಡೆಯಿಂದ ಗಾಳಿ ಬರುತ್ತಿತ್ತು, ಎಂದಿನಂತೆ ಬೂದಿ ಬೆರೆತದ್ದು. ನಾಣ್ಯದವರು ಕೂಡ ಸುಮ್ಮನಾದರು.

"ನನಗ ಕೊಟ್ಟುಬಿಡ್ರಿ ಇದನ್ನ. ಎಷ್ಟಕ್ಕ ಕೊಡ್ತೀರಿ?"

"ಎರಡು ಸಾವಿರ."

ಬಾಯಿಂದ ಬಂದೇಬಿಟ್ಟಿತು. ರೇಡಿಯೋದವರು ವಾಚನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಜೇಬಿನಿಂದ ಒಂದು ನೂರು, ಒಂದು ಐವತ್ತರ ನೋಟು ತೆಗೆದು ನನ್ನ ಅಂಗೈಯಲ್ಲಿಟ್ಟು, ವಾಚನ್ನು ಕೈಗೆ ಕಟ್ಟಿಕೊಂಡು ಮನೆ ಕಡೆ ನಡೆದರು.