ನಮ್ಮನೆಯ ಅಂತರಗಂಗೆ

ನಮ್ಮ ಕೋಲಾರ ಜಿಲ್ಲೆಯಲ್ಲಿ ಗಂಡಸಿನ ಅಂತಸ್ತು ತಿಳಿಯುವುದು ಬೋರ್‌ವೆಲ್ಲಿನ ಆಳದಿಂದ. ಮದುವೆಮನೆಯಲ್ಲಿ ಪಕ್ಕದ ಎಲೆಯವರು ‘ನಿಮ್ದು ಎಷ್ಟಕ್ಕೆ ಹೋಯ್ತು?’ ಅಂದರೆ ಸೈಟಿನ ಬೆಲೆ ಕೇಳುತ್ತಿದ್ದಾರೆ ಅಂದುಕೊಳ್ಳಬಾರದು, ಅದು ಅಡಿ ಲೆಕ್ಕ. 1,200 ಅಂದವನಿಗೆ ಸಾಧಾರಣ ಮರ್ಯಾದೆ. 1,500 ಕೊರೆಸಿ ಬರೀ ಧೂಳು ಕಂಡವನಿಗೆ ಇನ್ನೊಂದು ಸೌಟು ಪಾಯಸ. ವರ್ಷಪೂರ್ತಿ ಹರಿಯುವ ಒಂದು ಹೊಳೆ ನಮಗಿಲ್ಲ. ಪಾಲಾರ್ ಇದೆ ಅಂತ ಭೂಗೋಳದ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡದ್ದೇ ಹೊರತು, ಅದರಲ್ಲಿ ಕಾಲು ನೆನೆಸಿದವರು ಕಮ್ಮಿ. ಇಂಥ ಊರಿನಲ್ಲಿ ಹಗಲೂ ರಾತ್ರಿ ನೀರು ಹರಿಯುವ ತಾಣವೊಂದನ್ನು ನಾನು ಸ್ವಂತ ಖರ್ಚಿನಲ್ಲಿ, ಸ್ವಂತ ಗೇಟಿನೊಳಗೆ ಸಾಕಿಕೊಂಡಿದ್ದೆ. ಮಾರುತಿ 800.

ಕೆಎ 07 ನಂಬರಿನ ಗಾಡಿ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅದಕ್ಕೂ ಹಿಂದಿನ ಈ ಕಾರು ಇನ್ನೂ ನಡೆಯುತ್ತಿದೆ. ಗಣಿಯನ್ನು ಬಿಟ್ಟು ಇದನ್ನು ಮುಚ್ಚಬೇಕಿತ್ತು ಅನ್ನುವುದು ನನ್ನ ಹೆಂಡತಿಯ ಅಭಿಪ್ರಾಯ. ತಯಾರಿಸಿದವರೇ 2014ರ ಜನವರಿಗೆ ಸಾಕು ಅಂದರು. ನಾನು ಅಷ್ಟು ಬೇಗ ಸೋಲುವವನಲ್ಲ. 796 ಸಿಸಿ, ಮೂರೇ ಸಿಲಿಂಡರು, ಬಾನೆಟ್ ಎತ್ತಿದರೆ ಒಳಗಿನ ಸಂಸಾರವೆಲ್ಲ ಕಣ್ಣಿಗೆ ಕಾಣುತ್ತದೆ. ಕಂಡದ್ದರಲ್ಲಿ ಯಾವುದು ಏನು ಅಂತ ಗೊತ್ತಿರಬೇಕು, ಅಷ್ಟೆ. ನಾನು ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ‘ಹ್ಞೂಂ’ ಅಂದು ಮುಚ್ಚುವುದರಲ್ಲಿ ಬೀದಿಗೇ ಹೆಸರಾದವನು.

ಮೊದಲು ಕಂಡದ್ದು ನೆಲದ ಮೇಲೆ ಹಸಿರು ನೀರು. ಎದುರುಮನೆಯವರು ವಾಕಿಂಗ್ ನಿಲ್ಲಿಸಿ ನೋಡಿದರು. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನಾವಿಬ್ಬರೂ ಇದೇ ಕಾರಿನಲ್ಲಿ ನೋಡಿಕೊಂಡು ಬಂದಿದ್ದೆವು. ‘ಏನ್ಸಾರ್, ಕೆ.ಸಿ. ವ್ಯಾಲಿ ಮುಂದಿನ ಹಂತ ನಿಮ್ಮನೆಗೇ ಬಿಟ್ಬಿಟ್ಟಿದ್ದಾರೆ!’ ಅಂದರು. ಅಮ್ಮ ಮಾತ್ರ ನಗಲಿಲ್ಲ. ಕೂಲೆಂಟು ನಾಲಗೆಗೆ ಸಿಹಿ, ಹೊಟ್ಟೆಗೆ ವಿಷ, ನಾಯಿಗೀಯಿ ನೆಕ್ಕಿದರೆ ಬದುಕುವುದಿಲ್ಲ ಅಂತ ನಾನೇ ಹೇಳಿದ್ದೆ. ಅಂದಿನಿಂದ ದಿನಾ ಬೆಳಿಗ್ಗೆ ರಂಗೋಲಿ ಹಾಕುವ ಮುಂಚೆ ಒಂದು ಪುಟ್ಟಿ ಮರಳು ತಂದು ಸುರಿದು, ಬಳಿದು, ದೂರ ಚೆಲ್ಲುವ ಕೆಲಸ ಅಮ್ಮನ ಪಾಲಿಗೆ ಬಂತು. ‘ಏನೋ, ನಿನ್ನನ್ನ ಎತ್ತಿ ಆಡಿಸಿದಾಗ್ಲೂ ಇಷ್ಟು ಬಳೀಲಿಲ್ಲ ಕಣೋ’ ಅಂತ ಹಾಲಿನವನ ಎದುರಿಗೇ ಅಂದುಬಿಟ್ಟರು.

ಹೆಂಡತಿಯ ಪ್ರಶ್ನೆ ಬೇರೆ. ಕೂಲೆಂಟ್ ಡಬ್ಬಿಯ ಮೇಲಿನ ಅಕ್ಷರ ಓದಿ, ‘ರೀ, ಇದು ನೀರು ಹೆಪ್ಪುಗಟ್ಟದೆ ಇರೋಕೆ ಹಾಕೋದಂತೆ. ಕೋಲಾರದಲ್ಲಿ ಯಾವತ್ತು ಹಿಮ ಬಿತ್ತು?’ ಅಂದಳು. ಇಂಥ ಅವಕಾಶಕ್ಕೆ ನಾನು ಸದಾ ಕಾದಿರುತ್ತೇನೆ. ಕುರ್ಚಿ ಎಳೆದು ಕೂತು ಶುರುಮಾಡಿದೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರ, ಹಾಗಾಗಿ ಇಲ್ಲಿ ನೀರು 100 ಡಿಗ್ರಿಗೆ ಕಾಯುವುದಿಲ್ಲ, 97ರ ಸುಮಾರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದೊಳಗೆ ಸ್ಪ್ರಿಂಗಿದೆ, ಅದು ಒತ್ತಡ ಹಿಡಿದಿಡುತ್ತದೆ, ಕುದಿಬಿಂದು ಇಪ್ಪತ್ತು ಡಿಗ್ರಿಯಷ್ಟು ಮೇಲೇರುತ್ತದೆ. ಎಲ್ಲಾದರೂ ತೂತಾದರೆ ಒತ್ತಡ ನಿಲ್ಲುವುದಿಲ್ಲ. ಹಿಮದ ಮಾತು ಹಾಗಿರಲಿ, ಕೂಲೆಂಟಿನಲ್ಲಿ ತುಕ್ಕು ತಡೆಯುವ ಮದ್ದೂ ಇರುತ್ತದೆ, ಅದಕ್ಕೇ...

‘ಗ್ಯಾಸ್ಕೆಟ್ ಹೋದ ಕುಕ್ಕರ್ ಅನ್ನಿ. ವಿಷಲ್ಲು ಬರಲ್ಲ, ಬೇಳೆ ಬೇಯಲ್ಲ’ ಅಂದು ಎದ್ದುಹೋದಳು. ನನ್ನ ಉಪನ್ಯಾಸದಲ್ಲಿ ಇನ್ನೂ ಥರ್ಮೋಸ್ಟ್ಯಾಟ್ ಬಾಕಿಯಿತ್ತು.

ಮನೆಯಲ್ಲಿ ನಿಜವಾದ ಯುದ್ಧ ಹತ್ತಿದ್ದು ಯಾವ ನೀರು ಹಾಕಬೇಕು ಅನ್ನುವಲ್ಲಿ. ನಮ್ಮ ಬೋರಿನ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ಇಂಜಿನ್ನಿನೊಳಗಿನ ಸಣ್ಣ ದಾರಿಗಳಲ್ಲೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ವಾಟರ್ ಬೆರೆಸುವುದು ಶಾಸ್ತ್ರ. ಆದರೆ ಸೋರುವ ಗಾಡಿಗೆ ಶಾಸ್ತ್ರ ಪಾಲಿಸಲು ಹೋದರೆ ಮನೆ ಮಾರಬೇಕು. ಮಧ್ಯದ ದಾರಿಯಾಗಿ ಬೀದಿ ಕೊನೆಯ ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ತಂದು, ನೇರ ಬಾನೆಟ್ಟಿನ ಮುಂದೆ ಇಳಿಸಿದೆ.

‘ಕಾರಿಗೆ ಫಿಲ್ಟರ್ ನೀರು, ನಮಗೆ ಬೋರ್ ನೀರಾ? ಫ್ಲೋರೈಡಿಂದ ಹಲ್ಲು ಹಾಳಾಗೋದು ಮನುಷ್ಯರದ್ದು, ಕಾರಿಗೆ ಹಲ್ಲಿದೆಯಾ?’

‘ಇದೆ, ಗೇರ್‌ಬಾಕ್ಸಲ್ಲಿ’ ಅಂದೆ. ಆ ರಾತ್ರಿ ಸಾರಿಗೆ ಉಪ್ಪಿರಲಿಲ್ಲ. ಯಾರೂ ಅದರ ಮಾತೆತ್ತಲಿಲ್ಲ.

ಸೋರುತ್ತಿರುವುದು ಎಲ್ಲಿಂದ ಅನ್ನುವುದು ಮಾತ್ರ ಯಾರಿಗೂ ಸಿಗಲಿಲ್ಲ. ನಮ್ಮೂರ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ಎಲ್ಲಿಂದ ಬರುತ್ತದೆ ಅಂತ ಭಕ್ತರು ಕೇಳುವುದಿಲ್ಲ, ತಲೆ ಒಡ್ಡುತ್ತಾರೆ. ಮೆಕ್ಯಾನಿಕ್ಕುಗಳೂ ಅದೇ ಭಕ್ತಿಮಾರ್ಗ ಹಿಡಿದರು. ಒಬ್ಬರು ಮೇಲಿನ ಹೋಸು ಬದಲಿಸಿದರು. ಇನ್ನೊಬ್ಬರು ಕೆಳಗಿನದ್ದನ್ನು. ಮೂರನೆಯವರು ಹೊಸ ಮುಚ್ಚಳ ಹಾಕಿ ಒತ್ತಡ ಸರಿಮಾಡಿದ ಮೇಲೆ ನೀರು ಇನ್ನೂ ಜೋರಾಗಿ ಬಂತು. ಕೊನೆಗೆ ಲಾರಿ ಡ್ರೈವರೊಬ್ಬರ ಮಾತು ಕೇಳಿ ರೇಡಿಯೇಟರಿಗೆ ಒಂದು ಮುಷ್ಟಿ ಅರಿಶಿನ ಹಾಕಿದೆ. ಸಣ್ಣ ಸೋರಿಕೆಗೆ ಅದು ಅಂಟುವುದುಂಟು. ನನ್ನದು ಸಣ್ಣದಲ್ಲ ಅಂತ ನೆಲ ಹಳದಿಯಾದ ಮೇಲೆ ತಿಳಿಯಿತು. ಅಮ್ಮ ಅದರ ಸುತ್ತ ರಂಗೋಲಿ ಎಳೆದರು. ಭಕ್ತಿಯೋ ವ್ಯಂಗ್ಯವೋ, ಈವರೆಗೆ ಇತ್ಯರ್ಥವಾಗಿಲ್ಲ.

ಇನ್ನು ದೇವರೇ ಗತಿ ಅಂತ ಕುರುಡುಮಲೆ ಗಣಪತಿಗೆ ಹೋದೆವು. ಚುನಾವಣೆಗೆ ಹೊರಡುವವರು ಮೊದಲು ಅಡ್ಡಬೀಳುವ ದೇವರು. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಹೊರಟದ್ದು ಅಲ್ಲಿಂದಲೇ. ಅವರು ವಿಧಾನಸೌಧ ಮುಟ್ಟಿದರು. ನಾವು ಮುಳಬಾಗಿಲು ಮುಟ್ಟಿದೆವು. ಪೇಟೆಯ ಹತ್ತಿರ ಸೂಜಿ ಕೆಂಪಿಗೆ ಏರಿ, ಬಾನೆಟ್ಟಿನ ಸಂದುಗಳಿಂದ ಹಬೆ ಎದ್ದಿತು. ಬಿಸಿ ಇಂಜಿನ್ನಿನ ಮುಚ್ಚಳ ತೆಗೆಯಬಾರದು, ತೆಗೆದರೆ ಕುದಿನೀರು ಮುಖಕ್ಕೇ. ತಣಿಯುವವರೆಗೆ ಮಾಡಲು ಬೇರೇನೂ ಕೆಲಸವಿಲ್ಲದೆ ದೋಸೆ ಹೋಟೆಲಿಗೆ ನುಗ್ಗಿದೆವು. ಮುಳಬಾಗಿಲು ದೋಸೆಯನ್ನು ಬೆಂಗಳೂರಿನಲ್ಲಿ ಬೋರ್ಡು ಹಾಕಿ ಮಾರುತ್ತಾರೆ, ನಾವು ಮೂಲಸ್ಥಾನದಲ್ಲೇ ಕೂತು ತಿಂದೆವು. ಹೆಂಡತಿ ತುಪ್ಪದಲ್ಲಿ ಕೆಂಪಗೆ ಗರಿಗರಿಯಾದ ಅಂಚು ಮುರಿಯುತ್ತಾ, ಮದುವೆಯಾದ ಮೇಲೆ ಈ ಕಾರಿಂದ ಆದ ಮೊದಲ ಉಪಕಾರ ಇದು ಅಂದಳು. ಇಂಜಿನ್ ತಣಿದಿರಬಹುದು ಅಂತ ನಾನು ಎದ್ದಾಗಲೆಲ್ಲ, ‘ಇನ್ನೂ ಬಿಸಿ ಇರತ್ತೆ ಕೂತ್ಕೊಳ್ರೀ’ ಅಂದು ಇನ್ನೊಂದು ಹೇಳಿದಳು.

ರೋಗ ಹಿಡಿದದ್ದು ಅಲ್ಲೇ ಪಕ್ಕದ ಗ್ಯಾರೇಜಿನ ಹುಡುಗ. ಮೋಟರ್‌ಸೈಕಲ್ಲಿನ ಒಡೆದ ಕನ್ನಡಿಯೊಂದನ್ನು ಇಂಜಿನ್ನಿನ ಹಿಂದೆ ಇಳಿಬಿಟ್ಟು, ಮೊಬೈಲ್ ಬೆಳಕು ಹಿಡಿದು, ತಲೆ ಎತ್ತದೆ ಹೇಳಿದ: ‘ಏಮೀ ಲೇದು ಸಾರ್, ಪೈಪು ಪೋಯಿಂದಿ.’ ವಾಟರ್ ಪಂಪಿಗೆ ನೀರು ತರುವ ಕಬ್ಬಿಣದ ಪೈಪು. ಕೈ ತೂರದ ಜಾಗದಲ್ಲಿ, ಇಂಜಿನ್ನಿಗೂ ಡ್ಯಾಶ್‌ಬೋರ್ಡಿನ ಕಡೆಯ ತಗಡಿಗೂ ನಡುವೆ ಕೂತು, ಕೂಲೆಂಟಿನ ಬದಲು ಕಂಡ ಕಂಡ ನಲ್ಲಿಯ ನೀರು ಕುಡಿಸಿದ್ದಕ್ಕೆ ಒಳಗಿನಿಂದಲೇ ತುಕ್ಕು ತಿಂದಿತ್ತು. ಕುಡಿಸಿದವರು ಯಾರು ಅಂತ ಅವನು ಕೇಳಿದ. ‘ಹಿಂದಿನ ಓನರ್ ಇರಬೇಕು’ ಅಂದೆ. ಹಿಂದಿನ ಓನರ್ ನಮ್ಮ ತಂದೆ. ಹೆಂಡತಿ ಆಕಾಶ ನೋಡಿದಳು.

ಬೇಟೆ ಶುರುವಾಯಿತು. ಕೋಲಾರದ ಅಂಗಡಿಗಳಲ್ಲಿ ಆ ಪೈಪೊಂದನ್ನು ಬಿಟ್ಟು ಎಲ್ಲ ಇತ್ತು. ಹೆಂಚು, ಇಟ್ಟಿಗೆಗೆ ಹೆಸರಾದ ಮಾಲೂರಿನ ಗುಜರಿಯಲ್ಲಿ ನನ್ನ ಕಾರಿನ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಮಲಗಿದ್ದರು. ಒಂದರಿಂದ ಬಿಚ್ಚಿಸಿದ ಪೈಪನ್ನು ಗುಜರಿಯವರು ಬೆರಳಲ್ಲಿ ಒತ್ತಿದರೆ ಬೆರಳು ಒಳಗೆ ಹೋಯಿತು. ‘ಇದೂ ಕೋಲಾರದ್ದೇ ಸಾರ್’ ಅಂದರು. ಕಡೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸದು ಬಸ್ಸಿನಲ್ಲಿ ಬಂತು. ಕಪ್ಪು ಬಣ್ಣ ಬಳಿದ ಮೊಳದುದ್ದದ ಸೊಟ್ಟ ನಳಿಗೆ. ಇಷ್ಟಕ್ಕಾ, ಅಂತ ಮನೆಮಂದಿಯೆಲ್ಲ ತಿರುಗಿಸಿ ಮುರುಗಿಸಿ ನೋಡಿದರು.

ಪೈಪಿನ ಬೆಲೆ ನೂರುಗಳಲ್ಲಿತ್ತು, ಅದರ ಹತ್ತಿರ ಹೋಗುವ ಖರ್ಚು ಸಾವಿರಗಳಲ್ಲಿ. ಪಂಪಿನ ಕಡೆಯ ಓ-ರಿಂಗ್ ಹೊಸದೇ ಹಾಕಬೇಕು. ಅಷ್ಟು ಬಿಚ್ಚಿದ ಮೇಲೆ ಪಂಪು ಹಳೆಯದು ಯಾಕೆ? ಪಂಪು ತೆಗೆಯಲು ಟೈಮಿಂಗ್ ಬೆಲ್ಟ್ ಕಳಚಬೇಕು, ಕಳಚಿದ್ದನ್ನೇ ಮತ್ತೆ ಹಾಕುವುದುಂಟೇ? ಹುಡುಗ ಒಂದೊಂದನ್ನೂ ‘ಹಾಕ್ಬಿಡೋಣ ಸಾರ್’ ಅಂದ. ನಾನು ಪಾಣಿಗ್ರಹಣದ ದಿನದ ಹಾಗೆ ಪ್ರತಿಯೊಂದಕ್ಕೂ ಹ್ಞೂಂಗುಟ್ಟಿದೆ. ಟಾರ್ಚು ಹಿಡಿಯುವ ಹೊಣೆ ನನ್ನದು. ‘ಸಾರ್, ಬೆಳಕು ಪೈಪಿನ ಮೇಲೆ, ನನ್ನ ಕಣ್ಣಿಗಲ್ಲ’ ಅಂತ ಆಗಾಗ ನೆನಪಿಸುತ್ತಿದ್ದ.

ಮನೆಯಲ್ಲಿ ಅರ್ಧಕ್ಕೆ ನಿಂತಿದ್ದ ನನ್ನ ಉಪನ್ಯಾಸವನ್ನು ಅಲ್ಲಿ ಮುಂದುವರಿಸಿದೆ. ಥರ್ಮೋಸ್ಟ್ಯಾಟು ಹೇಗೆ 80 ಡಿಗ್ರಿಯ ಆಸುಪಾಸಿನವರೆಗೆ ಬಾಗಿಲು ಹಾಕಿಕೊಂಡು ಇಂಜಿನ್ನನ್ನು ಬೇಗ ಬಿಸಿಯಾಗಲು ಬಿಡುತ್ತದೆ, ಆಮೇಲೆ ಹೇಗೆ ತೆರೆದು ನೀರನ್ನು ರೇಡಿಯೇಟರಿಗೆ ಕಳಿಸುತ್ತದೆ ಅಂತ ವಿವರಿಸಿದೆ. ಹುಡುಗ ಪೂರ್ತಿ ಕೇಳಿ, ಅದರ ಮನೆಯ ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ಏನೂ ಇರಲಿಲ್ಲ. ನಮ್ಮ ಬಿಸಿಲಿಗೆ ಇದೆಲ್ಲ ಯಾಕೆ ಅಂತ ಯಾವ ಕಾಲದಲ್ಲೋ ಯಾರೋ ಕಿತ್ತು ಎಸೆದಿದ್ದರು. ಇಷ್ಟು ವರ್ಷ ಅರ್ಧ ತಣ್ಣಗೇ ಓಡಿ ಪೆಟ್ರೋಲು ಕುಡಿದಿತ್ತು. ‘ಹಾಕ್ಬಿಡೋಣ’ ಅಂದೆ, ಅವನಿಗಿಂತ ಮೊದಲೇ.

ಪೈಪು ಕೂತ ಮೇಲೆ ಮೊದಲ ಸವಾರಿ ಶ್ರೀನಿವಾಸಪುರಕ್ಕೆ, ಮಾವನವರ ತೋಟಕ್ಕೆ. ಮಾವಿನ ಕಾಲ. ರಸ್ತೆಯುದ್ದಕ್ಕೂ ಮಂಡಿಗಳ ಮುಂದೆ ತೋತಾಪುರಿ ಹೇರಿದ ಟ್ರ್ಯಾಕ್ಟರುಗಳು. ಸೂಜಿ ಮಧ್ಯದಿಂದ ಅಲ್ಲಾಡಲಿಲ್ಲ. ಅಲ್ಲಾಡದ್ದು ನೋಡಿ ನನಗೆ ಮೀಟರೇ ಕೆಟ್ಟಿದೆಯೇನೋ ಅನ್ನಿಸಿ, ಅಲ್ಲಲ್ಲಿ ಇಳಿದು ಕಾರಿನಡಿ ಬಗ್ಗಿ ನೋಡಿದೆ. ‘ಹುಡುಕ್ತಾ ಇರೋದು ಚಿಲ್ಲರೆ ಕಾಸಾ?’ ಅಂತ ರೈತರೊಬ್ಬರು ಸಹಾಯಕ್ಕೂ ಬಂದರು.

ಡಿಕ್ಕಿಗೆ ರಸಪುರಿ ಬುಟ್ಟಿ ಇಡಿಸಲು ಬಂದ ಮಾವನವರ ಕಣ್ಣಿಗೆ, ಸಾಕ್ಷಿಗಿರಲಿ ಅಂತ ನಾನು ಪೇಪರಿನಲ್ಲಿ ಸುತ್ತಿಟ್ಟಿದ್ದ ಹಳೆಯ ಪೈಪು ಬಿತ್ತು. ಬಿಚ್ಚಿದರು. ಎತ್ತಿ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಸಾಲಾಗಿ ಬೆಳಕಿನ ಚುಕ್ಕೆಗಳು. ಮನುಷ್ಯ ತೋಟಕ್ಕೆಲ್ಲ ಡ್ರಿಪ್ ಹಾಕಿಸಿದವರು, ತೂತಿನ ಅಂತರ ನೋಡಿಯೇ ಗುಣಮಟ್ಟ ಹೇಳಬಲ್ಲವರು.

‘ಚೆನ್ನಾಗಿ ಮಾಡಿಸಿದ್ದೀರಿ ಅಳಿಯಂದ್ರೇ’ ಅಂದರು. ‘ತೋಟಗಾರಿಕೆ ಇಲಾಖೆಯಲ್ಲಿ ಇದಕ್ಕೆ ಸಬ್ಸಿಡಿ ಇದೆ. ಅರ್ಜಿ ಹಾಕಿದ್ರಾ?’