ಬಂಡೆಯ ಪಾಠ, ಮೊಳದ ಲೆಕ್ಕ

ಮಕ್ಕಳನ್ನು ಮನೆಯಲ್ಲೇ ಓದಿಸುವ ಬೆಂಗಳೂರಿನ ಅಪ್ಪ-ಅಮ್ಮಂದಿರಿಗೆ ಶಾಲೆಯ ಫೀಸು ಉಳಿಯಬಹುದು, ‘ಟೂರ್ ಯಾವಾಗ?’ ಎಂಬ ಕಾಟ ತಪ್ಪುವುದಿಲ್ಲ. ಹೆದರಬೇಡಿ, ಊರೊಳಗೇ ಟೂರ್ ಹೊರಡಿ; ಗಣಿತ ಸರ್ಕಾರಿ ಬಸ್ಸಿನಲ್ಲೇ ಶುರು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ದಯೆಯಿಂದ ಅಮ್ಮ, ಮಗಳ ಟಿಕೆಟ್ಟಿಗೆ ಸೊನ್ನೆ ರೂಪಾಯಿ. ಅಪ್ಪ ಜೇಬು ತಡಕುವಾಗ ಸೊನ್ನೆಯ ಮಹತ್ವ ತಾನಾಗಿ ಅರ್ಥವಾಗುತ್ತದೆ.

ಮುಂದೆ ಲಾಲ್‌ಬಾಗ್ ಬಂಡೆ. ‘ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ’ ಎಂದು ಅಪ್ಪ ಗಂಭೀರವಾಗಿ ಶುರುಮಾಡಿದರೆ, ‘ಅಜ್ಜಿಗಿಂತ ದೊಡ್ಡದಾ?’ ಎಂದು ಮಗನ ಸಂಶೋಧನೆ. ಬಂಡೆಯ ನೆತ್ತಿಯಲ್ಲಿ ಕೆಂಪೇಗೌಡ ಗೋಪುರ. ಭೂವಿಜ್ಞಾನ ಕೊಂಡರೆ ಇತಿಹಾಸ ಕೊಸರು! ಕೆಳಗಿಳಿದರೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯ ಗಾಜಿನ ಮನೆ. ವೀಸಾ ಇಲ್ಲದೆ ವಿದೇಶಯಾತ್ರೆಯೂ ಮುಗಿಯಿತು.

ಕೊನೆಗೆ ಕೆ.ಆರ್. ಮಾರ್ಕೆಟ್. ಹೂವಿನ ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಆದರೆ ಯಾರ ಕೈ? ಮಾರುವವಳದು ಗಿಡ್ಡ, ಕೊಳ್ಳುವವಳ ಆಸೆ ಉದ್ದ. ಜಗತ್ತಿಗೆ ಮೀಟರ್ ಏಕೆ ಬೇಕಾಯಿತೆಂದು ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಹೇಳಲಾರದು. ಚೌಕಾಸಿ ಕೇಳಿಸಿಕೊಂಡರೆ ಅರ್ಥಶಾಸ್ತ್ರವೂ ಪಾಸು.

ಮನೆಗೆ ಬಂದು ‘ನೋಡಿದ್ದನ್ನೆಲ್ಲ ಎರಡು ಪುಟ ಬರೆಯಿರಿ’ ಎಂದು ಮಾತ್ರ ಹೇಳಬೇಡಿ. ಮಕ್ಕಳು ಅಂದೇ ಶಾಲೆಗೆ ಸೇರಿಸಿ ಎಂದು ಹಟ ಹಿಡಿದಾರು!