ಅನಾನುಕೂಲಕ್ಕೆ ವಿಷಾದಿಸುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಸೋಷಿಯಲ್ ಮೀಡಿಯಾ ವಿಭಾಗ,
ಕರ್ನಾಟಕದಲ್ಲಿ ವ್ಯಾಪಾರ ನಡೆಸುವ ಸಕಲ ಕಂಪನಿಗಳು.

ಮಾನ್ಯರೇ,

ವಿಷಯ: ಗ್ರಾಹಕರೊಡನೆ ನಡೆಯುತ್ತಿರುವ ‘ಸಂವಾದ’ದ ಬಗ್ಗೆ.

ಕಂಪನಿಯೊಂದು ಜಾಲತಾಣದಲ್ಲಿ ಗ್ರಾಹಕನ ಜೊತೆ ಮಾತಿಗಿಳಿಯುವುದಕ್ಕೆ ‘ಎಂಗೇಜ್‌ಮೆಂಟ್’ ಎನ್ನುತ್ತಾರೆ. ಲೈಕ್, ಕಾಮೆಂಟ್, ಶೇರ್‌ಗಳನ್ನು ಕೂಡಿಸಿ, ಪೋಸ್ಟ್ ನೋಡಿದವರ ಸಂಖ್ಯೆಯಿಂದ ಭಾಗಿಸಿದರೆ ಅದರ ಪ್ರಮಾಣ ಸಿಗುತ್ತದೆ. ಹೊಗಳಿದರೂ ಒಂದು ಕಾಮೆಂಟ್, ಹಿಡಿಶಾಪ ಹಾಕಿದರೂ ಒಂದು ಕಾಮೆಂಟ್. ಹಾಗಾಗಿ ಚೆನ್ನಾಗಿ ಉಗಿಸಿಕೊಂಡ ತಿಂಗಳ ವರದಿಯಲ್ಲೂ ಗ್ರಾಫ್ ಮೇಲಕ್ಕೇ ಏರಿರುತ್ತದೆ. ಕನ್ನಡದ ಮನೆಗಳಲ್ಲಿ ‘ಎಂಗೇಜ್‌ಮೆಂಟ್’ ಪದಕ್ಕೆ ನಿಶ್ಚಿತಾರ್ಥವೆಂಬ ಅರ್ಥ ಮೊದಲಿನಿಂದಲೂ ಇದೆ. ಅಲ್ಲಿ ತಾಂಬೂಲವನ್ನು ಎರಡೂ ಕಡೆಯವರು ಬದಲಾಯಿಸಿಕೊಳ್ಳಬೇಕು.

ಫೇಸ್‌ಬುಕ್ 2007ರ ನವೆಂಬರ್‌ನಲ್ಲಿ ವ್ಯಾಪಾರಿಗಳಿಗೆ ಪುಕ್ಕಟೆಯಾಗಿ ಪುಟಗಳನ್ನು ತೆರೆದುಕೊಟ್ಟಿತು. ‘ನಮ್ಮ ಪುಟ ಲೈಕ್ ಮಾಡಿ’ ಎಂದು ಕಂಪನಿಗಳು ವರ್ಷಗಟ್ಟಲೆ ಅಂಗಲಾಚಿ ಜನರನ್ನು ಸೇರಿಸಿದವು. 2018ರ ಜನವರಿಯಲ್ಲಿ, ಇನ್ನು ಮುಂದೆ ಬಂಧುಮಿತ್ರರ ಪೋಸ್ಟ್‌ಗಳಿಗೇ ಆದ್ಯತೆ ಎಂದು ಮಾರ್ಕ್ ಜುಕರ್‌ಬರ್ಗ್ ಪ್ರಕಟಿಸಿದರು. ಅಲ್ಲಿಂದಾಚೆಗಂತೂ, ತಾವೇ ಸೇರಿಸಿದ ಜನರಿಗೆ ಒಂದು ಮಾತು ಮುಟ್ಟಿಸಬೇಕಾದರೂ ದುಡ್ಡು ಕೊಟ್ಟು ‘ಬೂಸ್ಟ್’ ಮಾಡುವ ಗತಿ ಬಂತು. ಸಂತೆಗೆ ಜಾಗ ಬಿಟ್ಟಿ, ಜನ ನೆರೆದ ಮೇಲೆ ಸುಂಕ. ಈ ಒಂದು ವಿಷಯದಲ್ಲಿ ಕಂಪನಿಗಳ ಮೇಲೆ ಕನಿಕರವೇ ಮೂಡುತ್ತದೆ.

ಹೆಚ್ಚು ಖರ್ಚಿಲ್ಲದೆ ನಡೆಯುವ ಸಂವಾದವೆಂದರೆ ಹಬ್ಬದ ಶುಭಾಶಯ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಚಿತ್ರ, ಯುಗಾದಿಗೆ ಬೇವು-ಬೆಲ್ಲದ ಚಿತ್ರ, ಎರಡರ ಮೂಲೆಯಲ್ಲೂ ಅದೇ ಲೋಗೊ. ಅಮ್ಮಂದಿರ ದಿನದಂದು ಪಿವಿಸಿ ಪೈಪ್ ಮಾರುವವರೂ ಭಾವುಕರಾಗುತ್ತಾರೆ. ಇದೆಲ್ಲ ತುತ್ತತುದಿ ಮುಟ್ಟುವುದು ನವೆಂಬರ್ 1ರಂದು. ಅಂದು ಲೋಗೊ ಹಳದಿ-ಕೆಂಪಾಗುತ್ತದೆ. ಚಿತ್ರ ತಯಾರಾಗುವುದು ದೂರದೂರಿನ ಏಜೆನ್ಸಿಯಲ್ಲಿ. ಅಲ್ಲಿನ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಆಗಿರುವುದಿಲ್ಲ. ಒತ್ತಕ್ಷರಗಳು ಕಳಚಿಬಿದ್ದು ‘ಕನ್‌ನಡ ರಾಜ್‌ಯೋತ್‌ಸವ’ ಎಂದು ಮೂಡುತ್ತದೆ. ಕೆಳಗೆ ಜನ ಸಾಲುಗಟ್ಟಿ ಸಿಟ್ಟಿನಿಂದ ತಿದ್ದುತ್ತಾರೆ, ಎಂಗೇಜ್‌ಮೆಂಟ್ ಏರುತ್ತದೆ. ನವೆಂಬರ್ 2ರಂದು ಅದೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದವರಿಗೆ, ಹಿಂದಿಗೆ ಒಂದು, ಇಂಗ್ಲಿಷ್‌ಗೆ ಎರಡು ಒತ್ತಲು ಹೇಳಲಾಗುತ್ತದೆ.

ಇನ್ನು ದೂರು. ಇಮೇಲ್‌ನಲ್ಲಿ ಬಂದ ದೂರು ಒಬ್ಬರಿಗೆ ಕಾಣುತ್ತದೆ, ಎಕ್ಸ್‌ನಲ್ಲಿ ಬಂದದ್ದು ಊರಿಗೆಲ್ಲ ಕಾಣುತ್ತದೆ. ಉತ್ತರದ ಚುರುಕು ನಿಂತಿರುವುದು ಇದರ ಮೇಲೆ. ಹೊಸ ಮಿಕ್ಸಿಯ ಜಾರ್ ತಳದಲ್ಲಿ ಸೋರುತ್ತಿದೆ ಎಂದಿಟ್ಟುಕೊಳ್ಳೋಣ. ಮೂರು ಇಮೇಲ್‌ಗಳಿಗೆ ಬರುವುದು ಟಿಕೆಟ್ ಸಂಖ್ಯೆ ಮಾತ್ರ. ನಾಲ್ಕನೆಯ ಸಲ, ಚಟ್ನಿ ಹರಿದ ಅಡುಗೆಕಟ್ಟೆಯ ಫೋಟೊ ಹಾಕಿ ಕಂಪನಿಯನ್ನು ಟ್ಯಾಗ್ ಮಾಡಿದರೆ ಎರಡೇ ನಿಮಿಷದಲ್ಲಿ ಉತ್ತರ ಹಾಜರು: ‘ನಮಸ್ಕಾರ, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ವಿವರಗಳನ್ನು ಡಿಎಂ ಮಾಡಿ.’ ಡಿಎಂ (ಡೈರೆಕ್ಟ್ ಮೆಸೇಜ್, ಅಂದರೆ ಖಾಸಗಿ ಸಂದೇಶ) ಎಂದರೆ, ಅಂಗಡಿ ಮುಂದೆ ಗಲಾಟೆ ಎಬ್ಬಿಸಿದವನ ಹೆಗಲ ಮೇಲೆ ಕೈಹಾಕಿ ಹಿಂದಿನ ಗೋದಾಮಿಗೆ ಕರೆದೊಯ್ಯುವುದು. ಬೀದಿಯಲ್ಲಿ ನಿಂತವರಿಗೆ ವಿಷಾದ ಕೇಳಿಸಿತು. ಗೋದಾಮಿನಲ್ಲಿ ಸಿಗುವುದು ಮತ್ತದೇ ಟಿಕೆಟ್ ಸಂಖ್ಯೆ. ಈ ನಡುವೆ ಕಂಪನಿಯ ಲೋಗೊವನ್ನೇ ಅಂಟಿಸಿಕೊಂಡ ನಕಲಿ ‘ಕಸ್ಟಮರ್ ಕೇರ್’ ಖಾತೆಯೊಂದು ಅದೇ ದೂರಿನ ಕೆಳಗೆ ಮೊಬೈಲ್ ನಂಬರ್ ಬರೆದು, ರೀಫಂಡ್ ಆಸೆ ತೋರಿಸಿ ಯುಪಿಐ ಪಿನ್ ಕೇಳುತ್ತದೆ. ಸೌಜನ್ಯದಲ್ಲಿ ವಂಚಕರ ಸೇವೆ ಅಸಲಿಗಿಂತ ಒಂದು ಕೈ ಮೇಲು ಎಂಬುದನ್ನು ಒಪ್ಪಲೇಬೇಕು.

ಬೀದಿಗೆ ಬಂದ ದೂರಿಗಷ್ಟೇ ಬೆಲೆ ಎಂಬುದು ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. 2008ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಹೋಗುವಾಗ ಅವರ ಗಿಟಾರ್ ಮುರಿಯಿತು. ತಿಂಗಳುಗಟ್ಟಲೆ ಅಲೆದಾಡಿದರೂ ಕಂಪನಿ ಪರಿಹಾರ ಕೊಡಲಿಲ್ಲ. 2009ರ ಜುಲೈನಲ್ಲಿ ಅವರು ಅದನ್ನೇ ಹಾಡು ಕಟ್ಟಿ ಯೂಟ್ಯೂಬ್‌ಗೆ ಹಾಕಿದರು. ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ನೋಡಿದರು, ಕಂಪನಿಯಿಂದ ಫೋನ್ ಬಂತು. ಮಿಕ್ಸಿ ಕೆಟ್ಟವರಿಗೆಲ್ಲ ಹಾಡು ಕಟ್ಟಲು ಬರುವುದಿಲ್ಲ ಎಂಬ ಧೈರ್ಯ ಉಳಿದ ಕಂಪನಿಗಳಿಗೆ ಇದ್ದೇ ಇದೆ.

ಇನ್‌ಫ್ಲುಯೆನ್ಸರ್‌ಗಳ ವಿಷಯ ಚಿಕ್ಕದು. ದುಡ್ಡನ್ನೋ ಉಚಿತ ಸಾಮಾನನ್ನೋ ಪಡೆದು ಹೊಗಳುವವರು ಅದನ್ನು ಹ್ಯಾಷ್‌ಟ್ಯಾಗ್‌ಗಳ ಗುಂಪಿನಲ್ಲಿ ಅಡಗಿಸದೆ ಎದ್ದು ಕಾಣುವಂತೆ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚಿಸಿತು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡವುಂಟು. ಆದರೂ ಒಂದೇ ತಿಂಗಳಲ್ಲಿ ನಾಲ್ಕು ಬ್ರ್ಯಾಂಡಿನ ತಲೆಗೂದಲ ಎಣ್ಣೆಗೆ ‘ನಮ್ಮಜ್ಜಿ ಕಾಲದಿಂದ ನಾವು ಹಚ್ಚೋದು ಇದನ್ನೇ’ ಎಂಬ ರೀಲ್ಸ್ ಬರುತ್ತವೆ. ಅಜ್ಜಿ ಮಾತ್ರ ಒಬ್ಬರೇ.

ಜನ ತಾವಾಗಿಯೇ ಮಾತಿಗೆ ನಿಂತರೆ ಏನಾಗುತ್ತದೆ ಎಂಬುದನ್ನು 2023ರ ಏಪ್ರಿಲ್ ತೋರಿಸಿಕೊಟ್ಟಿತು. ಬೆಂಗಳೂರಿಗೆ ಹಾಲು, ಮೊಸರು ತರುವುದಾಗಿ ಗುಜರಾತಿನ ಅಮುಲ್ ಒಂದು ಟ್ವೀಟ್ ಮಾಡಿತು. ಉತ್ತರವಾಗಿ, ನಾಡಿನದೇ ಹಾಲಾದ ನಂದಿನಿಯ ಪರ ‘ಸೇವ್ ನಂದಿನಿ’, ‘ಗೋ ಬ್ಯಾಕ್ ಅಮುಲ್’ ಹ್ಯಾಷ್‌ಟ್ಯಾಗ್‌ಗಳು ಹಬ್ಬಿದವು. ನಗರದ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸುವುದಾಗಿ ಸಾರಿತು. ಮೇ ತಿಂಗಳ ವಿಧಾನಸಭಾ ಚುನಾವಣೆಯ ಪ್ರಚಾರದೊಳಕ್ಕೂ ಹಾಲು ಉಕ್ಕಿ ಹರಿಯಿತು. ಇಷ್ಟೊಂದು ಎಂಗೇಜ್‌ಮೆಂಟ್ ದೊರಕಿಸಿಕೊಡುವ ಏಜೆನ್ಸಿ ಇನ್ನೂ ಹುಟ್ಟಿಲ್ಲ. ಅಂದು ಮಾತಾಡಿದವರನ್ನೆಲ್ಲ ಡಿಎಂಗೆ ಕರೆಯುವುದು ಯಾರಿಂದಲೂ ಆಗುವಂತಿರಲಿಲ್ಲ.

ಮತ್ತೆ ದೂರಿನ ವಿಷಯಕ್ಕೆ ಬಂದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೂರು ತಲುಪಿದೆ ಎಂದು ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ವಿಷಾದಿಸಬೇಕೆಂದು ಅಲ್ಲಿ ಹೇಳಿಲ್ಲ. ಆದಕಾರಣ, ಶುಭಾಶಯ ಬರೆಯುವ ತಂಡದಿಂದ ಒಬ್ಬರನ್ನಾದರೂ ಇಮೇಲ್ ಓದುವ ಕೆಲಸಕ್ಕೆ ವರ್ಗಾಯಿಸಬೇಕೆಂದೂ, ಮುಂದಿನ ನವೆಂಬರ್ 1ಕ್ಕೆ ಮೊದಲು ಒತ್ತಕ್ಷರಗಳನ್ನು ಕನ್ನಡ ಬಲ್ಲ ಯಾರಿಗಾದರೂ ತೋರಿಸಬೇಕೆಂದೂ ಈ ಮೂಲಕ ಕೋರಲಾಗಿದೆ. ಪತ್ರದ ಪ್ರತಿ ಓದುವ ಗ್ರಾಹಕರ ಗಮನಕ್ಕೆ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಇಂತಿ,
ಟಿಕೆಟ್ ಸಂಖ್ಯೆ ಮಾತ್ರ ಪಡೆದಿರುವ ಗ್ರಾಹಕ